ಆಟದ ಮೂಲಕ ಮಾತಿನ ಬೆಳವಣಿಗೆ: ಮೂರು ವರ್ಷದೊಳಗಿನ ಮಕ್ಕಳ ಪೋಷಕರಿಗೆ ಮಾಹಿತಿ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರಿಗಾಗಿ)

1. ಪೀಠಿಕೆ

ಹುಟ್ಟಿನಿಂದ ಮೂರು ವರ್ಷದವರೆಗಿನ ಅವಧಿಯು ಮಗುವಿನ ಮಾತು ಮತ್ತು ಭಾಷೆಯ ಕಲಿಕೆಯಲ್ಲಿ ಅತ್ಯಂತ ಮಹತ್ವದ ಅವಧಿಯಾಗಿರುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾರಂಭವಾಗಿದ್ದು, ಕರ್ನಾಟಕದಲ್ಲಿ ಅದೇ ವರ್ಷ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಮೊದಲಿಗೆ ಜಾರಿಗೊಂಡಿತು. ಈ ಯೋಜನೆಯ ಅಂಗನವಾಡಿ ಕೇಂದ್ರಗಳಲ್ಲಿ ಶಾಲಾಪೂರ್ವ ಶಿಕ್ಷಣವು 3 ರಿಂದ 6 ವರ್ಷದ ಮಕ್ಕಳಿಗೆ ದೊರೆಯುತ್ತದೆ. 6 ತಿಂಗಳಿನಿಂದ 3 ವರ್ಷದೊಳಗಿನ ಮಕ್ಕಳಿಗೆ ಮುಖ್ಯವಾಗಿ ಮನೆಗೆ ಒಯ್ಯುವ ಪೂರಕ ಪೌಷ್ಟಿಕ ಆಹಾರ, ತೂಕ ಮತ್ತು ಎತ್ತರದ ದಾಖಲಾತಿ ಹಾಗೂ ಆರೋಗ್ಯ ಇಲಾಖೆಯ ಸಹಯೋಗದೊಂದಿಗೆ ಲಸಿಕೆ ಮತ್ತು ತಪಾಸಣೆಯ ಸೇವೆಗಳನ್ನು ಒದಗಿಸಲಾಗುತ್ತದೆ.

ಅಂದರೆ, ಮಗುವು ಮಾತು ಕಲಿಯುವ ವಯಸ್ಸಿನಲ್ಲಿ ದಿನದ ಬಹುಪಾಲು ಸಮಯವನ್ನು ಕೇಂದ್ರದಲ್ಲಿ ಕಳೆಯುವುದಿಲ್ಲ. ಮನೆಯಲ್ಲಿ, ಹೊಲದ ಬದುವಿನಲ್ಲಿ ಅಥವಾ ತಾಯಿಯ ಕೆಲಸದ ಜಾಗದಲ್ಲಿ ಕಳೆಯುತ್ತದೆ. ಆದಕಾರಣ ಈ ವಯಸ್ಸಿನಲ್ಲಿ ಮಾತಿನ ಮೊದಲ ಗುರುಗಳು ತಾಯಿ, ತಂದೆ, ಅಜ್ಜ, ಅಜ್ಜಿ ಮತ್ತು ಮನೆಯ ಹಿರಿಯ ಮಕ್ಕಳೇ ಆಗಿರುತ್ತಾರೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು 2024ರಲ್ಲಿ ಪ್ರಕಟಿಸಿದ ‘ನವಚೇತನಾ’ ಚೌಕಟ್ಟು ಸಹ ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿಯೇ ಮಾಡಿಸಬಹುದಾದ ಚಟುವಟಿಕೆಗಳನ್ನು ತಿಂಗಳುವಾರು ಸೂಚಿಸಿದೆ.

ಮನೆಯಲ್ಲಿ ಆಡುವ ಸರಳ ಆಟಗಳಿಂದ ಎರಡು ಪ್ರಯೋಜನಗಳಿವೆ. ಒಂದು, ಮಗುವು ಮಾತನ್ನು ಕಲಿಯುತ್ತದೆ. ಎರಡು, ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ, ಅದು ಮಾತನ್ನು ಅರ್ಥ ಮಾಡಿಕೊಳ್ಳುತ್ತಿದೆಯೇ ಎಂಬ ಅನುಮಾನವು ಪೋಷಕರಿಗೆ ಬೇಗನೆ ಬರಲು ಸಾಧ್ಯವಾಗುತ್ತದೆ. ತಡವಾಗಿ ಪತ್ತೆಯಾದ ಶ್ರವಣದೋಷದಿಂದ ಮಗುವು ಕಳೆದುಕೊಂಡ ಕಾಲವನ್ನು ನಂತರ ತುಂಬಿಕೊಡುವುದು ಕಷ್ಟಸಾಧ್ಯ. ಆದ್ದರಿಂದ ಈ ಮಾಹಿತಿಯನ್ನು ಪೋಷಕರು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

2. ಈ ಐದು ತಾಲ್ಲೂಕುಗಳ ವಿಶೇಷ ಪರಿಸ್ಥಿತಿ

ಬೆಳಗಾವಿ ಜಿಲ್ಲೆಯ ಈ ಐದು ತಾಲ್ಲೂಕುಗಳು ಮಹಾರಾಷ್ಟ್ರ ರಾಜ್ಯದ ಗಡಿಯಲ್ಲಿ ಅಥವಾ ಗಡಿಗೆ ಸಮೀಪದಲ್ಲಿರುತ್ತವೆ. ಇಲ್ಲಿಯ ಅನೇಕ ಮನೆಗಳಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಭಾಷೆಗಳು ಬಳಕೆಯಲ್ಲಿವೆ; ಕೆಲವು ಮನೆಗಳಲ್ಲಿ ಉರ್ದು ಸಹ ಇರುತ್ತದೆ. ತಾಯಿ ಒಂದು ಭಾಷೆಯಲ್ಲಿ, ಅಜ್ಜಿ ಇನ್ನೊಂದು ಭಾಷೆಯಲ್ಲಿ ಮಗುವನ್ನು ಮಾತನಾಡಿಸುವುದು ಸಾಮಾನ್ಯ. ಮಗುವು ಮಾತನಾಡುವುದು ತಡವಾದಾಗ “ಎರಡು ಭಾಷೆಗಳಿಂದ ಗೊಂದಲವಾಗಿದೆ” ಎಂದು ಭಾವಿಸಿ ಕಾಯುತ್ತಾ ಕುಳಿತುಕೊಳ್ಳುವ ಪ್ರವೃತ್ತಿ ಕಂಡುಬರುತ್ತದೆ.

ಈ ಅಭಿಪ್ರಾಯವು ಸರಿಯಲ್ಲ. ಎರಡು ಭಾಷೆಗಳನ್ನು ಕೇಳುತ್ತಾ ಬೆಳೆಯುವುದರಿಂದ ಮಾತಿನ ದೋಷ ಉಂಟಾಗುವುದಿಲ್ಲ. ಇಂತಹ ಮಗುವಿನ ಪದಗಳನ್ನು ಲೆಕ್ಕ ಹಾಕುವಾಗ ಎರಡೂ ಭಾಷೆಗಳ ಪದಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕತಕ್ಕದ್ದು. ಉದಾಹರಣೆಗೆ, ಮಗುವು ‘ನೀರು’ ಎಂಬುದನ್ನು ಕನ್ನಡದಲ್ಲಿಯೂ ‘ದೂಧ’ ಎಂಬುದನ್ನು ಮರಾಠಿಯಲ್ಲಿಯೂ ಹೇಳಿದರೆ ಅವು ಎರಡು ಪದಗಳೆಂದು ಪರಿಗಣಿಸಬೇಕು. ಒಂದು ಭಾಷೆಯ ಪದಗಳನ್ನು ಮಾತ್ರ ಎಣಿಸಿ ಮಗುವು ಹಿಂದುಳಿದಿದೆ ಎನ್ನುವುದು ತಪ್ಪಾಗುತ್ತದೆ. ಹಾಗೆಯೇ, ಎರಡೂ ಭಾಷೆಗಳನ್ನು ಸೇರಿಸಿ ಎಣಿಸಿದರೂ ಪದಗಳು ಕಡಿಮೆ ಇದ್ದಲ್ಲಿ ಎರಡು ಭಾಷೆಗಳ ಕಾರಣ ಹೇಳಿ ತಪಾಸಣೆಯನ್ನು ಮುಂದೂಡುವುದೂ ತಪ್ಪಾಗುತ್ತದೆ.

ಎರಡನೆಯದಾಗಿ, ಈ ಭಾಗದಲ್ಲಿ ಕಬ್ಬಿನ ಕಟಾವು, ತಂಬಾಕು ಮತ್ತು ಬೀಡಿ ಕೆಲಸ, ಚರ್ಮದ ಚಪ್ಪಲಿ ತಯಾರಿಕೆ ಮುಂತಾದ ಕೆಲಸಗಳಲ್ಲಿ ತಾಯಂದಿರು ದಿನವಿಡೀ ತೊಡಗಿರುತ್ತಾರೆ. ಆಟಕ್ಕಾಗಿ ಪ್ರತ್ಯೇಕ ಸಮಯವನ್ನು ಮೀಸಲಿಡುವುದು ಅನೇಕರಿಗೆ ಸಾಧ್ಯವಾಗುವುದಿಲ್ಲ. ಆದ್ದರಿಂದ ಕೆಳಗೆ ತಿಳಿಸಿದ ಆಟಗಳನ್ನು ಸ್ನಾನ, ಊಟ, ಅಡುಗೆ, ಮಲಗಿಸುವ ಹೊತ್ತು ಮುಂತಾದ ನಿತ್ಯದ ಕೆಲಸಗಳ ಜೊತೆಯಲ್ಲಿಯೇ ಆಡಿಸುವಂತೆ ಸೂಚಿಸಲಾಗಿದೆ. ಯಾವುದೇ ಆಟಿಕೆಯನ್ನು ಖರೀದಿಸುವ ಅವಶ್ಯಕತೆ ಇರುವುದಿಲ್ಲ.

3. ಆಟ ಆಡಿಸುವಾಗ ಪಾಲಿಸಬೇಕಾದ ನಾಲ್ಕು ನಿಯಮಗಳು

ಅ) ಎದುರು ಬದುರು ಕುಳಿತುಕೊಳ್ಳುವುದು. ಮಗುವಿನ ಮುಖದ ಮಟ್ಟಕ್ಕೆ ಬಂದು ಮಾತನಾಡಬೇಕು. ತುಟಿ, ಕಣ್ಣು ಮತ್ತು ಮುಖಭಾವವನ್ನು ನೋಡಿ ಮಗುವು ಮಾತನ್ನು ಗ್ರಹಿಸುತ್ತದೆ.

ಆ) ಮಗುವು ನೋಡುತ್ತಿರುವ ವಸ್ತುವಿನ ಬಗ್ಗೆಯೇ ಮಾತನಾಡುವುದು. ಮಗುವು ಕರುವನ್ನು ನೋಡುತ್ತಿರುವಾಗ ಚೆಂಡಿನ ಹೆಸರು ಹೇಳಿಕೊಡುವುದರಿಂದ ಪ್ರಯೋಜನ ಕಡಿಮೆ. ಕಣ್ಣು ಇರುವಲ್ಲಿಯೇ ಪದವೂ ಇರಬೇಕು.

ಇ) ಹೇಳಿದ ಮೇಲೆ ಕಾಯುವುದು. ಇದು ಅತ್ಯಂತ ಮುಖ್ಯವಾದ ನಿಯಮವಾಗಿದೆ. ದೊಡ್ಡವರು ಒಂದು ಮಾತು ಹೇಳಿ ಮನಸ್ಸಿನಲ್ಲಿಯೇ ಐದರವರೆಗೆ ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಮಗುವಿನ ನಗು, ಕೈಸನ್ನೆ, ‘ಊ’ ಎಂಬ ಧ್ವನಿ ಇವೆಲ್ಲವೂ ಉತ್ತರಗಳೇ. ಆ ಉತ್ತರಕ್ಕೆ ಮತ್ತೆ ಉತ್ತರ ಕೊಡಬೇಕು. ಎಡೆಬಿಡದೆ ಮಾತನಾಡುವುದಕ್ಕಿಂತ ಹೀಗೆ ಸರದಿಯಂತೆ ಮಾತನಾಡುವುದು ಹೆಚ್ಚು ಫಲಕಾರಿ.

ಈ) ಒಂದು ಪದವನ್ನು ಸೇರಿಸುವುದು. ಮಗುವು “ಎತ್ತು” ಎಂದರೆ “ಎತ್ತು ಬಂತು” ಎನ್ನಬೇಕು. “ಎತ್ತು ಬಂತು” ಎಂದರೆ “ದೊಡ್ಡ ಎತ್ತು ಬಂತು” ಎನ್ನಬೇಕು. ಉಚ್ಚಾರ ತಪ್ಪಿದಲ್ಲಿ ಗದರಿಸದೆ, ಅಣಕಿಸದೆ, ಸರಿಯಾದ ಪದವನ್ನು ಸಹಜವಾಗಿ ಮತ್ತೊಮ್ಮೆ ಹೇಳಿದರೆ ಸಾಕು. “ಇದೇನು? ಅದೇನು?” ಎಂದು ಮೇಲಿಂದ ಮೇಲೆ ಪ್ರಶ್ನಿಸಿ ಪರೀಕ್ಷೆ ಮಾಡಬಾರದು.

4. ವಯಸ್ಸಿಗೆ ಅನುಗುಣವಾದ ಆಟಗಳು

ಹುಟ್ಟಿನಿಂದ 6 ತಿಂಗಳವರೆಗೆ: ಎಣ್ಣೆ ಹಚ್ಚಿ ಎರೆಯುವ ಸಮಯದಲ್ಲಿ ಕೈ, ಕಾಲು, ಹೊಟ್ಟೆ ಎಂದು ಹೆಸರು ಹೇಳುತ್ತಾ ಎರೆಯುವುದು. ಮಗುವು ‘ಆ’, ‘ಊ’ ಎಂದಾಗ ಅದೇ ಧ್ವನಿಯನ್ನು ಮರಳಿ ಹೇಳಿ ಕಾಯುವುದು. ಜೋಗುಳ ಹಾಡುವುದು. ತಂದೆಯವರೂ ದಿನಕ್ಕೆ ಸ್ವಲ್ಪ ಹೊತ್ತು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಾತನಾಡಿಸುವುದು.

6 ರಿಂದ 12 ತಿಂಗಳವರೆಗೆ: ಸೆರಗಿನ ಮರೆಯಾಟವು ಈ ವಯಸ್ಸಿಗೆ ಅತ್ಯಂತ ಸೂಕ್ತ. ಮುಖವನ್ನು ಸೆರಗಿನಿಂದ ಮುಚ್ಚಿಕೊಂಡು “ಅವ್ವ ಎಲ್ಲಿ?” ಎಂದು ಕೇಳಿ, ಕಾದು, ನಂತರ ಸೆರಗು ಸರಿಸಬೇಕು. ಕೆಲವು ದಿನಗಳಲ್ಲಿ ಮಗುವೇ ಸೆರಗು ಎಳೆಯುತ್ತದೆ, ಧ್ವನಿ ಮಾಡುತ್ತದೆ. ಚಪ್ಪಾಳೆ ಆಟ, ಹೊರಟವರಿಗೆ ಕೈ ಬೀಸುವುದು, ಬಟ್ಟಲನ್ನು “ತಗೋ”, “ಕೊಡು” ಎಂದು ಕೊಟ್ಟು ತೆಗೆದುಕೊಳ್ಳುವ ಆಟ ಇವುಗಳಿಂದ ಮಗುವು ಮಾತಿನ ಸರದಿಯನ್ನು ಕಲಿಯುತ್ತದೆ. ಕೈ ಬೀಸುವುದು, ಬೆರಳು ತೋರಿಸುವುದು ಮುಂತಾದ ಸನ್ನೆಗಳು ಮಾತಿಗೆ ಮೊದಲ ಮೆಟ್ಟಿಲುಗಳಾಗಿವೆ.

12 ರಿಂದ 24 ತಿಂಗಳವರೆಗೆ: ಜೋಳದ ರೊಟ್ಟಿ ಬಡಿಯುವಾಗ ಮಗುವಿನ ಕೈಗೆ ಸಣ್ಣ ಹಿಟ್ಟಿನ ಉಂಡೆಯನ್ನು ಕೊಟ್ಟು, ಒಲೆಯಿಂದ ದೂರದಲ್ಲಿ ಕೂರಿಸಿ, “ತಟ್ಟು, ತಟ್ಟು” ಎಂದು ಜೊತೆಯಲ್ಲಿ ಹೇಳುವುದು. ತುತ್ತು ಉಣಿಸುವಾಗ ಒಂದು ತುತ್ತು ಕಾಗೆಯ ಹೆಸರಿನಲ್ಲಿ, ಒಂದು ತುತ್ತು ಗುಬ್ಬಿಯ ಹೆಸರಿನಲ್ಲಿ ಕೊಡುತ್ತಾ, ಕಾಗೆ ಹೇಗೆ ಕೂಗುತ್ತದೆ ಎಂದು ಕೇಳಿ ಕಾಯುವುದು. ಆಕಳು, ನಾಯಿ, ಕೋಳಿ, ಟ್ರ್ಯಾಕ್ಟರ್ ಇವುಗಳ ಸದ್ದು ಮಾಡಿ ತೋರಿಸುವುದು. ಸದ್ದನ್ನು ಅನುಕರಿಸುವುದು ಪದ ಹೇಳುವುದಕ್ಕಿಂತ ಸುಲಭವಾದುದರಿಂದ ಮಗುವು ಇದನ್ನು ಬೇಗ ಕಲಿಯುತ್ತದೆ. “ಮೂಗು ಎಲ್ಲಿ? ಕಿವಿ ಎಲ್ಲಿ?” ಎಂಬ ಆಟ. ಎರಡು ವಸ್ತುಗಳನ್ನು ಹಿಡಿದು “ಬಾಳೆಹಣ್ಣು ಬೇಕೋ, ರೊಟ್ಟಿ ಬೇಕೋ?” ಎಂದು ಕೇಳುವುದು. ಮಗುವಿಗೆ ಬೇಕಾದುದನ್ನು ಅದು ಕೇಳುವ ಮೊದಲೇ ಕೈಗಿಡದೆ, ಸನ್ನೆ ಅಥವಾ ಧ್ವನಿ ಮಾಡಲು ಒಂದು ಅವಕಾಶ ಕೊಡಬೇಕು. ಆದರೆ ಮಾತನಾಡಿದರೆ ಮಾತ್ರ ಊಟ ಎಂದು ಎಂದಿಗೂ ತಡೆಹಿಡಿಯಬಾರದು.

24 ರಿಂದ 36 ತಿಂಗಳವರೆಗೆ: ಈ ವಯಸ್ಸಿನಲ್ಲಿ ಮಗುವು ನಟನೆಯ ಆಟಗಳನ್ನು ಆಡಲು ಪ್ರಾರಂಭಿಸುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವಂತೆ ಮಣ್ಣಿನ ಎತ್ತುಗಳನ್ನು ಮಾಡಿ, ಅವುಗಳಿಗೆ ಮೇವು ಹಾಕುವುದು, ನೀರು ಕುಡಿಸುವುದು, ಹೊಲಕ್ಕೆ ಹೊಡೆದುಕೊಂಡು ಹೋಗುವುದು ಎಂದು ಆಡಿಸಬಹುದು. ಮನೆಯವರ ಚಪ್ಪಲಿಗಳನ್ನು ಕಲಸಿಟ್ಟು ಜೋಡಿ ಹುಡುಕಿಸುತ್ತಾ “ಅಪ್ಪನ ಚಪ್ಪಲಿ ದೊಡ್ಡದು, ಪುಟ್ಟಿಯ ಚಪ್ಪಲಿ ಸಣ್ಣದು” ಎಂದು ಹೇಳಿಕೊಡಬಹುದು. ಸಂತೆಯ ಆಟದಲ್ಲಿ ಈರುಳ್ಳಿ, ಆಲೂಗಡ್ಡೆಗಳನ್ನು ಕೊಂಡು ಮಾರುವಂತೆ ಆಡಿಸಬಹುದು. ಪರಿಚಿತವಾದ ಹಾಡಿನ ಸಾಲಿನ ಕೊನೆಯ ಪದವನ್ನು ಬಿಟ್ಟು ನಿಲ್ಲಿಸಿದರೆ ಮಗುವು ಅದನ್ನು ತುಂಬುತ್ತದೆ.

ಸುರಕ್ಷತೆ: ಶೇಂಗಾ ಬೀಜ, ಹುಣಸೆ ಬೀಜ, ಮಣಿ, ನಾಣ್ಯ ಹಾಗೂ ಗುಂಡಿಯಾಕಾರದ ಬ್ಯಾಟರಿಗಳನ್ನು ಆಟಕ್ಕೆ ಕೊಡಬಾರದು; ಇವು ಗಂಟಲಿನಲ್ಲಿ ಸಿಲುಕುವ ಅಪಾಯವಿರುತ್ತದೆ. ಬೀಡಿ ಕಟ್ಟುವ ಮನೆಗಳಲ್ಲಿ ಮಗುವಿನ ಆಟದ ಜಾಗವು ತಂಬಾಕಿನಿಂದ ದೂರವಿರಬೇಕು ಮತ್ತು ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದುಕೊಳ್ಳಬೇಕು.

5. ಮೊಬೈಲ್ ಮತ್ತು ದೂರದರ್ಶನ

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಎರಡು ವರ್ಷ ತುಂಬದ ಮಕ್ಕಳನ್ನು ಕುಳ್ಳಿರಿಸಿ ಪರದೆ ತೋರಿಸುವುದು ಸೂಕ್ತವಲ್ಲ. ಎರಡು ವರ್ಷ ತುಂಬಿದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲಿನಲ್ಲಿ ಬರುವ ಹಾಡು ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಮಗುವು ಹಾಡನ್ನು ಪೂರ್ತಿ ಹೇಳುತ್ತಿದ್ದು, ನೀರು ಬೇಕಾದಾಗ ಕೇಳಲು ಬಾರದಿದ್ದಲ್ಲಿ ಅದನ್ನು ಮಾತು ಬಂದಂತೆ ಎಂದು ಪರಿಗಣಿಸಬಾರದು.

6. ಮಾತಿನ ಬೆಳವಣಿಗೆಯ ಹಂತಗಳು

ಬಹುತೇಕ ಮಕ್ಕಳಲ್ಲಿ ಕಂಡುಬರುವ ಹಂತಗಳನ್ನು ಪೋಷಕರ ಅನುಕೂಲಕ್ಕಾಗಿ ಕೆಳಗೆ ನೀಡಲಾಗಿದೆ.

– 4 ತಿಂಗಳು: ಧ್ವನಿ ಬಂದ ಕಡೆಗೆ ತಲೆ ತಿರುಗಿಸುವುದು, ಮಾತನಾಡಿಸಿದಾಗ ಧ್ವನಿ ಮಾಡುವುದು.
– 9 ತಿಂಗಳು: ‘ಬಬಬ’, ‘ಮಮಮ’ ಎಂದು ತೊದಲುವುದು, ಹೆಸರು ಕರೆದಾಗ ನೋಡುವುದು.
– 12 ತಿಂಗಳು: ಕೈ ಬೀಸುವುದು, ‘ಬೇಡ’ ಎಂದಾಗ ಕ್ಷಣ ನಿಲ್ಲುವುದು, ‘ಅವ್ವ’, ‘ಅಪ್ಪ’ ಅಥವಾ ಅಂತಹ ಪದದಿಂದ ಕರೆಯುವುದು.
– 18 ತಿಂಗಳು: ತಂದೆ ತಾಯಿಯರನ್ನು ಕರೆಯುವ ಪದಗಳಲ್ಲದೆ ಮೂರು ಅಥವಾ ಹೆಚ್ಚು ಪದಗಳನ್ನು ಹೇಳಲು ಯತ್ನಿಸುವುದು, ಸನ್ನೆ ಮಾಡದೆ ಹೇಳಿದ ಒಂದು ಕೆಲಸವನ್ನು ಮಾಡುವುದು.
– 24 ತಿಂಗಳು: “ಹಾಲು ಬೇಕು” ಎಂಬಂತೆ ಎರಡು ಪದಗಳನ್ನು ಜೋಡಿಸುವುದು.
– 30 ತಿಂಗಳು: ಸುಮಾರು 50 ಪದಗಳನ್ನು ಹೇಳುವುದು.
– 36 ತಿಂಗಳು: ಆಡಿದ ಮಾತು ಹೊರಗಿನವರಿಗೂ ಬಹುಮಟ್ಟಿಗೆ ಅರ್ಥವಾಗುವುದು.

ಮಕ್ಕಳ ನಡುವೆ ಸ್ವಲ್ಪ ವ್ಯತ್ಯಾಸ ಸಹಜ. ಆದರೆ ಕೆಳಕಂಡ ಸಂದರ್ಭಗಳಲ್ಲಿ ವಿಳಂಬ ಮಾಡದೆ ತಪಾಸಣೆ ಮಾಡಿಸತಕ್ಕದ್ದು: 12 ತಿಂಗಳಾದರೂ ತೊದಲುವಿಕೆ ಅಥವಾ ಸನ್ನೆ ಇಲ್ಲದಿರುವುದು; 16 ತಿಂಗಳಾದರೂ ಒಂದು ಪದವೂ ಇಲ್ಲದಿರುವುದು; 24 ತಿಂಗಳಾದರೂ ಎರಡು ಪದಗಳನ್ನು ಜೋಡಿಸದಿರುವುದು; ಹೆಸರು ಕರೆದರೆ ತಿರುಗಿ ನೋಡದಿರುವುದು; ಯಾವುದೇ ವಯಸ್ಸಿನಲ್ಲಿ ಬಂದಿದ್ದ ಮಾತು ನಿಂತುಹೋಗುವುದು.

7. ಕಿವಿ ಕೇಳಿಸುವ ಬಗ್ಗೆ ವಿಶೇಷ ಸೂಚನೆ

ಮಾತು ತಡವಾದಲ್ಲಿ ಮೊದಲು ಪರೀಕ್ಷಿಸಬೇಕಾದುದು ಕಿವಿಯನ್ನು. ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಇಪ್ಪತ್ತು ತಿಂಗಳ ಮಗುವೊಂದು ಊಟದ ತಾಟು ಕಂಡೊಡನೆ ಬರುತ್ತದೆ, ಅಪ್ಪ ಚಪ್ಪಲಿ ಮೆಟ್ಟಿದೊಡನೆ ಬಾಗಿಲಿಗೆ ಓಡುತ್ತದೆ. ಮನೆಯವರು “ಎಲ್ಲಾ ತಿಳಿಯುತ್ತದೆ, ಮಾತು ಮಾತ್ರ ಬಂದಿಲ್ಲ” ಎನ್ನುತ್ತಾರೆ. ಆದರೆ ಇಲ್ಲಿ ಮಗುವು ಕಣ್ಣಿನಿಂದ ತಿಳಿದುಕೊಳ್ಳುತ್ತಿರಬಹುದು. ಮರೆಯಾಟದಲ್ಲಿ ಬಾಗಿಲ ಹಿಂದೆ ನಿಂತು, ಮುಖ ತೋರಿಸದೆ, ಸಾಮಾನ್ಯ ಧ್ವನಿಯಲ್ಲಿ ಹೆಸರು ಕರೆದಾಗ ಮಗುವು ಹಲವು ಸಲವೂ ತಿರುಗದಿದ್ದಲ್ಲಿ ಅದನ್ನು ಅಲಕ್ಷಿಸಬಾರದು.

ಹಿಂದಿನಿಂದ ತಾಟು ಬಡಿದು ನೋಡುವುದು ಸರಿಯಾದ ಪರೀಕ್ಷೆಯಲ್ಲ. ಭಾಗಶಃ ಕಿವುಡುತನವಿರುವ ಮಗುವು ತಾಟಿನ ದೊಡ್ಡ ಸದ್ದಿಗೆ ತಿರುಗಬಹುದು, ನೆಲದ ಕಂಪನದಿಂದಲೂ ತಿರುಗಬಹುದು; ಆದರೆ ಮಾತಿನ ಸಣ್ಣ ಧ್ವನಿಗಳು ಅದಕ್ಕೆ ಕೇಳಿಸದಿರಬಹುದು. ಓಎಇ ಮತ್ತು ಬೇರಾ ಎಂಬ ಪರೀಕ್ಷೆಗಳನ್ನು ಹಸುಗೂಸುಗಳಿಗೂ ಮಾಡಬಹುದಾಗಿದ್ದು, ಇವುಗಳಿಂದ ನೋವಾಗುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ಖಚಿತತೆ ಮತ್ತು ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ತರಬೇತಿಯ ಪ್ರಾರಂಭ ಇದು ತಜ್ಞರು ಒಪ್ಪಿರುವ ಗುರಿಯಾಗಿದೆ. ಈ ವಯಸ್ಸು ಮೀರಿದ ಮಕ್ಕಳನ್ನೂ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕರೆದೊಯ್ಯಬೇಕು. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವು ನೀಡುವ ಯೋಜನೆಗಳಲ್ಲಿ ಮಗುವಿನ ವಯೋಮಿತಿ ನಿಗದಿಯಾಗಿರುವುದರಿಂದ, ಕಾಯುವುದರಿಂದ ಅರ್ಹತೆಯನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ಕಿವಿ ಸೋರುತ್ತಿದ್ದಲ್ಲಿ ಕಾಯಿಸಿದ ಎಣ್ಣೆಯನ್ನು ಹಾಕಬಾರದು, ವೈದ್ಯರಿಗೆ ತೋರಿಸಬೇಕು. ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ತಪಾಸಣೆಗೆ ಬದಲಿಯಾಗುವುದಿಲ್ಲ.

8. ಸೇವೆ ಪಡೆಯುವ ವಿಧಾನ

ಹಂತ 1: ಸಮೀಪದ ಅಂಗನವಾಡಿ ಕೇಂದ್ರದಲ್ಲಿ ಮಗುವಿನ ಹೆಸರನ್ನು ನೋಂದಾಯಿಸುವುದು. ತಾಯಿಯ ಆಧಾರ್ ಕಾರ್ಡಿನ ಮೂಲಕ ನೋಂದಣಿ ಸಾಧ್ಯವಿದ್ದು, ಮಗುವಿನ ಆಧಾರ್ ಕಡ್ಡಾಯವಲ್ಲ. ತಾಯಿ ಕಾರ್ಡನ್ನು ಜೊತೆಯಲ್ಲಿ ತರತಕ್ಕದ್ದು.

ಹಂತ 2: ಮಾತು ಅಥವಾ ಕೇಳಿಸುವಿಕೆಯ ಅನುಮಾನವನ್ನು ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯವರಿಗೆ ತಿಳಿಸುವುದು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡುವ ವ್ಯವಸ್ಥೆ ಇದೆ. ಮೂರು ವರ್ಷದೊಳಗಿನ ಮಗುವು ದಿನವೂ ಕೇಂದ್ರಕ್ಕೆ ಬರುವುದಿಲ್ಲವಾದ್ದರಿಂದ, ತಂಡವು ಬರುವ ದಿನಾಂಕವನ್ನು ಮೊದಲೇ ವಿಚಾರಿಸಿಕೊಂಡು ಮಗುವನ್ನು ಕರೆತರಬೇಕು. ತಂಡದ ಭೇಟಿಗೆ ತಿಂಗಳುಗಳಿದ್ದಲ್ಲಿ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಹಂತ 3: ಅಗತ್ಯವಿದ್ದಲ್ಲಿ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿಕೊಡಲಾಗುತ್ತದೆ. ಈ ಕಾರ್ಯಕ್ರಮದಡಿ ತಪಾಸಣೆ ಉಚಿತವಾಗಿರುತ್ತದೆ. ಅಥಣಿ ಮತ್ತು ಕಾಗವಾಡದಿಂದ ಬೆಳಗಾವಿ ನಗರವು ನೂರು ಕಿಲೋಮೀಟರಿಗೂ ದೂರವಿರುವುದರಿಂದ, ಹೊರಡುವ ಮೊದಲು ತಜ್ಞರು ಲಭ್ಯವಿರುವ ದಿನವನ್ನು ತಿಳಿದುಕೊಂಡು, ಶಿಫಾರಸು ಚೀಟಿ ಮತ್ತು ತಾಯಿ ಕಾರ್ಡನ್ನು ತಪ್ಪದೆ ಒಯ್ಯಬೇಕು. ಮೀರಜ್ ಅಥವಾ ಕೊಲ್ಲಾಪುರದ ಆಸ್ಪತ್ರೆಗಳಲ್ಲಿ ಈಗಾಗಲೇ ಪರೀಕ್ಷೆ ಮಾಡಿಸಿದ್ದಲ್ಲಿ ಆ ವರದಿಗಳನ್ನೂ ತೋರಿಸಬೇಕು.

ಹಂತ 4: ಹೆಚ್ಚಿನ ಸಲಹೆಗಾಗಿ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು. ದೂರದ ಊರಿನವರಿಗೆ ಈ ಸಂಸ್ಥೆಯು ದೂರಸಂಪರ್ಕದ ಮೂಲಕವೂ ತರಬೇತಿ ನೀಡುತ್ತದೆ.

ಹಂತ 5: ದೋಷ ಖಚಿತವಾದಲ್ಲಿ ಸ್ವಾವಲಂಬನ್ ಪೋರ್ಟಲ್ ಮೂಲಕ ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಶ್ರವಣದೋಷ, ವಾಕ್ ಮತ್ತು ಭಾಷಾ ದೋಷ ಹಾಗೂ ಆಟಿಸಂ ಇವು ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರಲ್ಲಿ ಪಟ್ಟಿ ಮಾಡಿರುವ 21 ಅಂಗವಿಕಲತೆಗಳಲ್ಲಿ ಸೇರಿರುತ್ತವೆ. ನಿಪ್ಪಾಣಿಯು ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿಯೂ ಕಾಗವಾಡವು ಅಥಣಿ ತಾಲ್ಲೂಕಿನಲ್ಲಿಯೂ ಇದ್ದುದರಿಂದ ಹಳೆಯ ದಾಖಲೆಗಳಲ್ಲಿ ಹಳೆಯ ತಾಲ್ಲೂಕಿನ ಹೆಸರಿರಬಹುದು. ಅರ್ಜಿಯಲ್ಲಿ ಈಗಿನ ತಾಲ್ಲೂಕಿನ ಹೆಸರನ್ನು ನಮೂದಿಸತಕ್ಕದ್ದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಮರಾಠಿ ಮಾತನಾಡುತ್ತೇವೆ. ಮುಂದೆ ಕನ್ನಡ ಶಾಲೆಗೆ ಸೇರಿಸಬೇಕಾಗಿದೆ. ಮನೆಯ ಭಾಷೆಯನ್ನು ಬಿಡಬೇಕೇ?
ಉತ್ತರ: ಬಿಡಬೇಕಾಗಿಲ್ಲ. ಪೋಷಕರು ತಮಗೆ ಸರಾಗವಾಗಿ ಬರುವ ಭಾಷೆಯಲ್ಲಿಯೇ ಮಗುವಿನೊಡನೆ ಆಡಬೇಕು. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗುವಿಗೆ ಎರಡನೆಯ ಭಾಷೆ ಕಲಿಯಲು ಅದು ನೆರವಾಗುತ್ತದೆ.

ಪ್ರಶ್ನೆ: ಮಗುವಿನ ತಂದೆಗೂ ಮಾತು ತಡವಾಗಿ ಬಂದಿತ್ತು ಎಂದು ಹಿರಿಯರು ಹೇಳುತ್ತಾರೆ. ಕಾಯಬಹುದೇ?
ಉತ್ತರ: ಕೆಲವು ಮಕ್ಕಳಿಗೆ ಮಾತು ತಡವಾಗಿ ಬಂದು ನಂತರ ಸರಿಹೋಗುವುದು ನಿಜ. ಆದರೆ ಯಾವ ಮಗು ಹಾಗೆ ಸರಿಹೋಗುತ್ತದೆ ಎಂಬುದನ್ನು ಮನೆಯಲ್ಲಿ ನಿರ್ಧರಿಸಲು ಬರುವುದಿಲ್ಲ. ತಪಾಸಣೆ ಮಾಡಿಸಿದರೆ ನಷ್ಟವಿಲ್ಲ, ಮಾಡಿಸದಿದ್ದರೆ ನಷ್ಟವಾಗಬಹುದು.

ಪ್ರಶ್ನೆ: ಕಬ್ಬು ಕಟಾವಿಗಾಗಿ ಬೇರೆ ಊರಿನಿಂದ ಬಂದಿದ್ದೇವೆ. ಇಲ್ಲಿಯ ಅಂಗನವಾಡಿಯಲ್ಲಿ ಸೇವೆ ಸಿಗುವುದೇ?
ಉತ್ತರ: ಸಿಗುತ್ತದೆ. 2021ರಲ್ಲಿ ಜಾರಿಗೆ ಬಂದ ಪೋಷಣ್ ಟ್ರ್ಯಾಕರ್ ತಂತ್ರಾಂಶದಲ್ಲಿ ವಲಸೆ ಬಂದ ಕುಟುಂಬದ ಮಗುವಿನ ನೋಂದಣಿಯನ್ನು ವರ್ಗಾಯಿಸಿಕೊಳ್ಳುವ ಅವಕಾಶವಿದೆ. ತಾಯಿಯ ಆಧಾರ್ ಮತ್ತು ತಾಯಿ ಕಾರ್ಡಿನೊಂದಿಗೆ ಬಿಡಾರಕ್ಕೆ ಸಮೀಪವಿರುವ ಅಂಗನವಾಡಿ ಕಾರ್ಯಕರ್ತೆಯವರನ್ನು ಕಾಣುವುದು.

ಪ್ರಶ್ನೆ: ತಪಾಸಣೆ ಮಾಡಿಸಿದ ಮೇಲೆ ಮನೆಯ ಆಟಗಳು ಬೇಕೇ?
ಉತ್ತರ: ಬೇಕು. ವಾಕ್ ಚಿಕಿತ್ಸಕರು ಮಗುವನ್ನು ವಾರದಲ್ಲಿ ಸ್ವಲ್ಪ ಹೊತ್ತು ಮಾತ್ರ ನೋಡಬಲ್ಲರು. ಉಳಿದ ಸಮಯದಲ್ಲಿ ಅವರು ಹೇಳಿಕೊಟ್ಟ ಅಭ್ಯಾಸವನ್ನು ಮನೆಯಲ್ಲಿಯೇ ಆಟದ ರೂಪದಲ್ಲಿ ಮುಂದುವರಿಸಬೇಕು. ಶ್ರವಣ ಸಾಧನ ಪಡೆದ ಮಗುವಿಗೆ ಈ ಆಟಗಳ ಅಗತ್ಯ ಇನ್ನೂ ಹೆಚ್ಚು.

10. ಸಂಪರ್ಕಿಸಬೇಕಾದವರು

ಗ್ರಾಮ ಮಟ್ಟದಲ್ಲಿ ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆ. ತಾಲ್ಲೂಕು ಮಟ್ಟದಲ್ಲಿ ಸಂಬಂಧಿತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಮಗುವಿನ ಮಾತಿನ ಬಗ್ಗೆ ಅನುಮಾನ ಬಂದ ದಿನವೇ ವಿಚಾರಿಸುವುದು ಪೋಷಕರ ಹಕ್ಕೂ ಹೌದು, ಮಗುವಿನ ಹಿತವೂ ಹೌದು.